ಅಮ್ಮ ಕೈ ಹಿಡಿಯದ ಬೀದಿ

ಕಳೆದ ಚಳಿಗಾಲದಲ್ಲಿ ದೆಹಲಿಗೆ ಬಂದಿದ್ದ ಅಮ್ಮನನ್ನು ಚಾಂದನಿ ಚೌಕಕ್ಕೆ ಕರೆದೊಯ್ಯುವಾಗ ನನಗೆ ಅಳುಕಿತ್ತು. ಕೆಂಪು ಕೋಟೆಯ ಎದುರಿನಿಂದ ಫತೇಪುರಿ ಮಸೀದಿಯವರೆಗಿನ ಸುಮಾರು 1.3 ಕಿಲೋಮೀಟರ್ ದಾರಿಯಲ್ಲಿ ಅವರು ನನ್ನ ಕೈ ಹಿಡಿದದ್ದು ಒಂದೇ ಸಲ, ಅದೂ ಹಿಂದಿನಿಂದ ಸೈಕಲ್ ರಿಕ್ಷಾವೊಂದು ಗಂಟೆ ಬಾರಿಸಿದಾಗ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಾದರೆ, ಮೈಸೂರು ಬ್ಯಾಂಕ್ ವೃತ್ತದಿಂದ ಚಿಕ್ಕಪೇಟೆಯ ತಿರುವು ಬರುವಷ್ಟರಲ್ಲಿ, ಅವರು ನನ್ನ ಮೊಣಕೈ ಬಿಟ್ಟದ್ದೇ ಅಪರೂಪ.

ನಡೆಯುವ ಅನುಕೂಲವನ್ನು ಅಳೆಯುವವರು ಸಾಮಾನ್ಯವಾಗಿ ನಕ್ಷೆಯ ಮೇಲೆ 400 ಮೀಟರಿನ, ಅಂದರೆ ಐದು ನಿಮಿಷದ ನಡಿಗೆಯ ಒಂದು ವೃತ್ತ ಎಳೆದು, ಅದರೊಳಗೆ ಎಷ್ಟು ಅಂಗಡಿ, ಎಷ್ಟು ಅಡ್ಡದಾರಿ, ಎಷ್ಟು ನಿಲ್ದಾಣಗಳಿವೆ ಎಂದು ಎಣಿಸುತ್ತಾರೆ. ಈ ಲೆಕ್ಕದಲ್ಲಿ ಬೆಂಗಳೂರಿನ ನಮ್ಮ ಹಳೆಯ ಪೇಟೆ ಯಾರಿಗೂ ಸೋಲುವುದಿಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರು ಬೆಳೆದದ್ದೇ ಕಾಲ್ನಡಿಗೆಯ ಅಳತೆಯಲ್ಲಿ. ಸೋಲುವುದು ನೆಲಕ್ಕಿಳಿದಾಗ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಕನಿಷ್ಠ 1.8 ಮೀಟರ್ ಅಗಲದ, ಅಡೆತಡೆಯಿಲ್ಲದ ಹಾದಿಯನ್ನೂ 150 ಮಿಲಿಮೀಟರ್ ಮೀರದ ಅಂಚುಗಲ್ಲನ್ನೂ ಕೇಳಿತ್ತು. ಟೇಪು ಹಿಡಿದರೆ ಆ ಅಗಲ ಅಲ್ಲಲ್ಲಿ ಸಿಕ್ಕೀತು. ಆದರೆ ಅದರ ಮೇಲೆ ನಿಂತಿರುವ ಸ್ಕೂಟರು, ಬಟ್ಟೆಯ ಗಂಟು, ವಿದ್ಯುತ್ ಕಂಬಗಳನ್ನು ಕಳೆದು ಉಳಿಯುವುದೆಷ್ಟು? ಅಗಲಕ್ಕಿಂತ, ನೂರು ಹೆಜ್ಜೆಗೆ ಎಷ್ಟು ಬಾರಿ ವಾಹನಗಳ ನಡುವೆ ಇಳಿಯಬೇಕಾಯಿತು ಎಂದು ಎಣಿಸುವುದೇ ಪ್ರಾಮಾಣಿಕ ಅಳತೆ ಎಂದು ನನಗನಿಸುತ್ತದೆ.

ಚಾಂದನಿ ಚೌಕದ ಮುಖ್ಯ ಬೀದಿ 2021ರಲ್ಲಿ ಹೊಸ ರೂಪ ಪಡೆದಾಗಿನಿಂದ ಅಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳಿಗೆ ನಿಷೇಧವಿದೆ. ಕಣ್ತಪ್ಪಿಸಿ ನುಗ್ಗುವ ಬೈಕುಗಳು ಇಲ್ಲವೆಂದಲ್ಲ. ಆದರೂ ಶಹಜಹಾನನ ಕಾಲದ ಬೀದಿಯಲ್ಲಿ, ಇಷ್ಟು ಸಗಟು ವ್ಯಾಪಾರದ ನಡುವೆ ಹಗಲಿನ ಹನ್ನೆರಡು ಗಂಟೆಗಳನ್ನು ನಡೆಯುವವರಿಗೆ ಬಿಟ್ಟುಕೊಡುವುದು ಸಾಧ್ಯವಾದರೆ, 'ಪೇಟೆಯಲ್ಲಿ ಅದೆಲ್ಲ ಆಗದ ಮಾತು' ಎಂದು ಪ್ರತಿ ರಜೆಯಲ್ಲೂ ಊರಿನಲ್ಲಿ ಕೇಳಿಸಿಕೊಳ್ಳುವ ತಾಳ್ಮೆ ನನಗೆ ಉಳಿದಿಲ್ಲ.

ಹಾಗೆಂದು ಪೂರ್ತಿ ಸತ್ಯವನ್ನೂ ಹೇಳಬೇಕಲ್ಲ. ಹಿಂದಿರುಗುವಾಗ ಕಿನಾರಿ ಬಜಾರಿನ ಗಲ್ಲಿಗೆ ಹೊಕ್ಕೊಡನೆ ಅಮ್ಮನ ಕೈ ಮತ್ತೆ ನನ್ನ ಮೊಣಕೈಗೆ ಬಂತು. ಮುಖ್ಯ ಬೀದಿಯ ಶಿಸ್ತು ಒಳಗಲ್ಲಿಗಳನ್ನು ತಲುಪಿಲ್ಲ. ಬೇಸಿಗೆಯಲ್ಲಿ ಆ ಕೆಂಪು ಕಲ್ಲುಹಾಸು ಕಾಯ್ದ ಹೆಂಚಿನಂತಾಗುತ್ತದೆ, ಚಿಕ್ಕಪೇಟೆಯ ಸಂದುಗಳಲ್ಲಾದರೆ ಎರಡೂ ಬದಿಯ ಗೋಡೆಗಳೇ ನೆರಳು ಹಿಡಿಯುತ್ತವೆ. ಅಮ್ಮನಂತೂ ಕಾಲು ಚಾಚಿ ಕೂತ ಮೇಲೆ, ನಡೆಯುವುದಕ್ಕೆ ಇದು ಚೆನ್ನಾಗಿದೆ, ಸೀರೆಗೆ ಮಾತ್ರ ಚಿಕ್ಕಪೇಟೆಯೇ ಸರಿ ಎಂದರು.