ತಾಯಿ ಕಾರ್ಡಿನಲ್ಲಿ ಇಲ್ಲದ ಮಾತ್ರೆ

ಹೋದ ವಾರ ಶಿರಾದಿಂದ ಫೋನ್ ಬಂತು. ನನಗೆ ತಂಗಿಯಂಥವಳು, ಈಗ ಐದು ತಿಂಗಳ ಬಸುರಿ. ಗಂಡನಿಗೆ ಎಚ್‌ಐವಿ ಇದೆ, ಇವಳಿಗಿಲ್ಲ. ಸೋಂಕು ತಗುಲದಿರಲಿ ಅಂತ ದಿನಾ ಟೆನೊಫೊವಿರ್ ಇರುವ ಮಾತ್ರೆ ನುಂಗುತ್ತಾಳೆ. ಡಬ್ಬಿ ಇರುವುದು ರಾಗಿ ಹಿಟ್ಟಿನ ಡಬ್ಬದ ಹಿಂದೆ. ವಾಂತಿ ಜಾಸ್ತಿಯಾಗಿದೆ ಅಂದರೆ, "ಬಸುರೀಗೆ ವಾಂತಿ ಬರದೆ ಇರುತ್ತಾ?" ಅಂತ ಡಾಕ್ಟರು ಕಳಿಸಿಬಿಟ್ಟರಂತೆ. ತಾಯಿ ಕಾರ್ಡಿನಲ್ಲಿ ಕಬ್ಬಿಣದ ಮಾತ್ರೆ ಇದೆ, ಬಿಪಿ ಇದೆ, ಈ ಮಾತ್ರೆಯ ಸುದ್ದಿಯೇ ಇಲ್ಲ. ಕೇಳಿ ಹೊಟ್ಟೆ ಉರಿಯಿತು.

ನಾನಿರುವುದು ಬೋಟ್ಸ್ವಾನಾದ ಗ್ಯಾಬರೋನ್‌ನಲ್ಲಿ. ಈ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ 2014ರಲ್ಲಿ ತ್ಸೆಪಾಮೊ ಅನ್ನುವ ಅಧ್ಯಯನ ಶುರುವಾಯಿತು. ಹೆರಿಗೆ ಮಾಡಿಸುವ ನರ್ಸ್ ಕೂಸನ್ನು ತಲೆಯಿಂದ ಪಾದದವರೆಗೆ ನೋಡಿ, ಬೋರಲು ಮಲಗಿಸಿ ಬೆನ್ನೂ ನೋಡಬೇಕು. ತಾಯಿ ಯಾವ ಮಾತ್ರೆ ತಗೊಂಡಳು, ಯಾವಾಗಿನಿಂದ ಅನ್ನುವುದೂ ಲೆಕ್ಕಕ್ಕೆ ಸೇರುತ್ತದೆ. 2018ರಲ್ಲಿ ಒಂದು ಗಾಬರಿಯಾಯಿತು. ಎಚ್‌ಐವಿ ಚಿಕಿತ್ಸೆಯ ಡೊಲುಟೆಗ್ರಾವಿರ್ ತಗೊಳ್ಳುತ್ತಿದ್ದಾಗಲೇ ಬಸುರಾದ 426 ತಾಯಂದಿರಲ್ಲಿ 4 ಮಂದಿಯ ಮಕ್ಕಳಿಗೆ ಮೆದುಳು, ಬೆನ್ನುಹುರಿಯ ದೋಷ ಕಂಡಿತು. ಇವರು ಎಣಿಸುವುದನ್ನು ಬಿಡಲಿಲ್ಲ. ಬೇರೆ ಔಷಧ ತಗೊಂಡವರಿಗಿಂತ ಇದು ಜಾಸ್ತಿ ಅನ್ನಿಸಿತ್ತು, ಸಾವಿರಾರು ಹೆರಿಗೆಗಳ ಲೆಕ್ಕ ಸೇರಿದ ಮೇಲೆ ಆ ವ್ಯತ್ಯಾಸ ಉಳಿಯಲಿಲ್ಲ.

ಹೊಸ ಔಷಧದ ಪ್ರಯೋಗಕ್ಕೆ ಬಸುರಿಯರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಮಗುವಿಗೆ ಏನಾಗುತ್ತದೆ ಅಂತ ಗೊತ್ತಾಗುವುದು ಹೀಗೆ ಬರೆದಿಟ್ಟರೇ ಅಲ್ವಾ? ಟೆನೊಫೊವಿರ್ ಬಗ್ಗೆ ಇವಳಿಗೆ ನಾನು ಧೈರ್ಯ ಹೇಳಿದ್ದು ಯಾವುದೋ ದೇಶದ ಹೆಂಗಸರ ಲೆಕ್ಕ ನಂಬಿಕೊಂಡು. ಅವಳ ಮನೆಯವರಿಗೆ ಹೇಳಿರುವುದು ಅದು ಥೈರಾಯ್ಡ್ ಮಾತ್ರೆ ಅಂತ. "ಬಸುರಲ್ಲಿ ಇಷ್ಟೊಂದು ಮಾತ್ರೆ ಉಷ್ಣ" ಅಂತ ಅತ್ತೆ ಅಂದದ್ದಕ್ಕೆ ಎರಡು ದಿನ ಬಿಟ್ಟೇಬಿಟ್ಟಿದ್ದಳು. ಬಸುರಲ್ಲಿ ಸೋಂಕು ತಗುಲಿದರೆ ಮಗುವಿಗೂ ದಾಟುವ ಭಯ ಜಾಸ್ತಿ. ಅದನ್ನು ಅವಳಿಗೆ ಕೂರಿಸಿ ಹೇಳಿದವರು ಯಾರು?

ನಾನು ನಮ್ಮೂರನ್ನು ಬೈಯುತ್ತಲೇ ಇದ್ದೆ. ಅವಳೇ ತಡೆದಳು. "ಬರೀಬೇಡಿ ಅಂತ ನಾನೇ ಅಂದೆ ಅಣ್ಣಾ. ಕಾರ್ಡು ಅತ್ತೆ ಹತ್ರ ಇರುತ್ತೆ. ಆಸ್ಪತ್ರೆ ಸಾಲಲ್ಲಿ ಪಕ್ಕದ ಮನೆಯೋರೂ ತೆಗೆದು ನೋಡ್ತಾರೆ."

ನನಗೆ ಮಾತೇ ಹೊರಡಲಿಲ್ಲ. ಬೋಟ್ಸ್ವಾನಾದಲ್ಲಿ ವಯಸ್ಕರ ಪೈಕಿ ಸುಮಾರು ಐವರಲ್ಲಿ ಒಬ್ಬರಿಗೆ ಈ ಸೋಂಕಿದೆ, ಅದು ಮನೆಮನೆಯ ಮಾತು. ಶಿರಾದಲ್ಲಿ ಆ ಖಾಲಿ ಜಾಗವೇ ಅವಳ ಮಾನ ಕಾಯಿತು. ಒಪ್ಪಬೇಕು. ಆದರೂ ಕಾರ್ಡಿನಲ್ಲಿ ಬೇಡದ್ದನ್ನು ಬೇರೆ ಕಡೆ ಬರೆಯಬಹುದಿತ್ತು. ಔಷಧದ ಅಡ್ಡ ಪರಿಣಾಮ ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆ ನಮ್ಮಲ್ಲೂ 2010ರಿಂದ ಇದೆ.

ಮಾತ್ರೆ ಬಿಡಬೇಡ, ಡಾಕ್ಟರನ್ನು ಇನ್ನೊಮ್ಮೆ ಕೇಳು ಅಂದೆ. ಅಡ್ಡ ಪರಿಣಾಮ ದಾಖಲಿಸುವವರ ಸಹಾಯವಾಣಿ 1800-180-3024 ಬರ್ಕೋ ಅಂದೆ. "ಹೆಸರು ಕೇಳ್ತಾರಾ ಅಣ್ಣಾ?" ಅಂದಳು. ಅವರು ತುಂಬಿಸಿಕೊಳ್ಳುವ ಫಾರಂನಲ್ಲಿ ಹೆಸರಿನ ಇನಿಶಿಯಲ್ ಸಾಕು ಅಂದೆ.