ಪರಿಷ್ಕರಣೆ ಭಾಗ್ಯ

ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ವರದಿ ಒಪ್ಪಿಸಿದಾಗಿನಿಂದ ಒಂದು ಮಾತು ಕಿವಿಗೆ ಬೀಳುತ್ತಲೇ ಇದೆ: ಪಠ್ಯ ಬದಲಾಗಬೇಕು. ಅದು ಯಾವತ್ತು ಸುಮ್ನೆ ಕೂತಿತ್ತು ಮಾರಾಯ್ರೆ? ಗಣಿತದ ಪುಸ್ತಕದ ತಂಟೆಗೆ ಯಾರೂ ಹೋಗುವುದಿಲ್ಲ. ಯಾವ ಸರ್ಕಾರ ಬಂದರೂ ಎರಡು ಎರಡ್ಲಿ ನಾಲ್ಕೇ. ಸಮಾಜ ವಿಜ್ಞಾನದ ಪುಸ್ತಕದ್ದು ಮಾತ್ರ ತಹಶೀಲ್ದಾರರ ಜಾತಕ. ಸರ್ಕಾರ ಬದಲಾದ ಕೂಡಲೇ ವರ್ಗಾವಣೆ ಯೋಗ.

ಪಠ್ಯ ತಿದ್ದಿದವರ ಸಾಲು ನೋಡಿ: ಮುಡಂಬಡಿತ್ತಾಯ ಸಮಿತಿ, ಬರಗೂರು ಸಮಿತಿ, ಚಕ್ರತೀರ್ಥ ಸಮಿತಿ, ಮಂಜುನಾಥ ಹೆಗಡೆ ಸಮಿತಿ. ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು ಆದಮೇಲೆ ಇವರ ವಂಶಾವಳಿಗೂ ಒಂದು ಪಾಠ ಇಡಬಹುದು. ‘ಕಾಲಾನುಕ್ರಮದಲ್ಲಿ ಬರೆಯಿರಿ’ ಅಂತ ನಾಲ್ಕು ಅಂಕಕ್ಕೆ ಕೇಳಬಹುದು. 2022ರಲ್ಲಿ ಬಸವಣ್ಣನವರ ಪಾಠದ ಗಲಾಟೆ, ಅಂಬೇಡ್ಕರ್ ಹೆಸರಿನ ಜೊತೆಗಿದ್ದ ‘ಸಂವಿಧಾನ ಶಿಲ್ಪಿ’ ಕಾಣೆಯಾದ ಗಲಾಟೆ, ಆಮೇಲೆ ತಿದ್ದುಪಡಿ. 2023ರಲ್ಲಿ ಸರ್ಕಾರ ಬದಲಾಯಿತು, ಪುಸ್ತಕ ಅಷ್ಟರಲ್ಲಿ ಮಕ್ಕಳ ಚೀಲ ಸೇರಿತ್ತು. ವಾಪಸ್ ಪಡೆಯಲು ದುಡ್ಡು ದಂಡ. ಹಾಗಾಗಿ 15 ಪುಟದ ಪೂರಕ ಪುಸ್ತಕ ಬಂತು. ಇದನ್ನು ಓದಿ, ಅದನ್ನು ಬಿಡಿ. ಅದಾಗಿ ಮರುವರ್ಷ ಮತ್ತೆ ಹೊಸ ಪುಸ್ತಕ. ಅಣ್ಣನ ಹಳೇ ಪುಸ್ತಕಕ್ಕೆ ಕ್ಯಾಲೆಂಡರ್ ಹಾಳೆಯ ಬೈಂಡ್ ಹಾಕಿ ತಮ್ಮ ಓದುತ್ತಿದ್ದ ಕಾಲ ಹೋಯಿತು ಬಿಡಿ. ಈಗ ಅಣ್ಣ ಓದಿದ ಇತಿಹಾಸ ತಮ್ಮನ ಕಾಲಕ್ಕೆ ನಡೆದೇ ಇರುವುದಿಲ್ಲ.

ಇರಲಿ. ಪುಸ್ತಕ ಬದಲಾಯಿಸುವವರು ಮಕ್ಕಳು ಕಲಿತರೋ ಇಲ್ಲವೋ ಅಂತಲೂ ನೋಡಬೇಕಲ್ಲ. ಅದರಲ್ಲೂ ನಮ್ಮವರು ಹಿಂದೆ ಬಿದ್ದಿಲ್ಲ. 2024ರಲ್ಲಿ ಐದು, ಎಂಟು, ಒಂಬತ್ತನೇ ತರಗತಿಗೆ ಬೋರ್ಡ್ ಪರೀಕ್ಷೆ ಮಾಡಿದರು, ನೆನಪಿದೆಯಾ? ಅರ್ಧ ಪೇಪರು ಬರೆಯುವಷ್ಟರಲ್ಲಿ ಸುಪ್ರೀಂ ಕೋರ್ಟಿನಿಂದ ತಡೆ. ಆಮೇಲೆ ಹೈಕೋರ್ಟ್ ಹೂಂ ಅಂದಿತು, ಉಳಿದ ಪೇಪರು ಬರೆದರು. ಆಮೇಲೆ ಫಲಿತಾಂಶಕ್ಕೇ ತಡೆ. ‘ಕರ್ಮ ಮಾಡು, ಫಲ ಕೇಳಬೇಡ’ ಎಂಬುದನ್ನು ಹತ್ತು ವರ್ಷದ ಮಕ್ಕಳಿಗೆ ಇಷ್ಟು ಚೆನ್ನಾಗಿ ಬೇರೆ ಯಾರು ಕಲಿಸಿದ್ದಾರೆ ಹೇಳಿ.

ಅದೇ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 73.40. ಕೃಪಾಂಕ ತೆಗೆದರೆ ಸುಮಾರು 53. ಕಲಿಕೆ 53, ಕೃಪೆ 20. ಮುಂದೆ ಕೃಪೆ ಬೇಡ ಅಂದರು. ಒಳ್ಳೆಯದೇ. ಆದರೆ 2025ರಲ್ಲಿ ಪಾಸಿನ ಗೆರೆಯನ್ನೇ ಕೆಳಗಿಳಿಸಿದರು: ಒಟ್ಟು 625ಕ್ಕೆ 206 ಸಾಕು, ಒಂದೊಂದು ವಿಷಯದಲ್ಲಿ ಕನಿಷ್ಠ ಶೇ. 30. ಮಗು ಹಾರಲಾಗದಿದ್ದರೆ ಕೋಲು ತಗ್ಗಿಸುವುದು. ಇದಕ್ಕೂ ಪರಿಷ್ಕರಣೆ ಅಂತಲೇ ಹೆಸರು.

ಈಗಿನದು ಪಾಠ ಆಧಾರಿತ ಮೌಲ್ಯಾಂಕನ, ಬಾಯಿಮಾತಿನಲ್ಲಿ ಎಲ್‌ಬಿಎ. ಪಾಠ ಮುಗಿಯಿತು, ಪರೀಕ್ಷೆ. ಇನ್ನೊಂದು ಪಾಠ ಮುಗಿಯಿತು, ಇನ್ನೊಂದು ಪರೀಕ್ಷೆ. ಪ್ರತಿ ಮಗುವಿನ ಅಂಕ ಪೋರ್ಟಲ್‌ಗೆ ಏರಬೇಕು. ಪೋರ್ಟಲ್ ಬೆಂಗಳೂರಿನಲ್ಲಿದೆ, ಶಾಲೆ ನಮ್ಮ ಉತ್ತರ ಕನ್ನಡದ ಜೋಯಿಡಾದಲ್ಲಿದೆ. ಮಾಸ್ತರು ಮೊಬೈಲು ಎತ್ತಿ ಹಿಡಿದುಕೊಂಡು ಶಾಲೆ ಹಿಂದಿನ ಗುಡ್ಡ ಹತ್ತುತ್ತಾರೆ. ಗೇರು ಮರದ ಬುಡದಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ. ಒಟಿಪಿ ಬರುತ್ತದೆ. ಅದನ್ನು ಹಾಕುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಕೆಳಗೆ ತರಗತಿಯಲ್ಲಿ ಮಕ್ಕಳು ಮಾಸ್ತರು ಯಾವಾಗ ಇಳಿದು ಬರುತ್ತಾರೋ ಅಂತ ಕಿಟಕಿಯಲ್ಲಿ ನೋಡುತ್ತಾ ಕೂತಿರುತ್ತಾರೆ. ಆ ಹೊತ್ತಿನ ಕಲಿಕೆ ತುಂಬಲು ಪೋರ್ಟಲ್‌ನಲ್ಲಿ ಕಾಲಂ ಇಲ್ಲ.

ಪೌರನೀತಿ ನಮ್ಮ ಜಿಲ್ಲೆಯ ಮಕ್ಕಳಿಗೆ ಪುಸ್ತಕ ಇಲ್ಲದೆಯೂ ಬರುತ್ತದೆ. ಜುಲೈ ತಿಂಗಳ ಮಳೆರಜೆಯನ್ನೇ ನೋಡಿ. ಜಿಲ್ಲಾಧಿಕಾರಿಗಳ ಆದೇಶ ರಾತ್ರಿ ವಾಟ್ಸಾಪಿನಲ್ಲಿ ಬರುತ್ತದೆ: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಕ್ಕೆ ರಜೆ. ಶಿರಸಿ, ಸಿದ್ದಾಪುರದ ಹೆಸರಿಲ್ಲ! ಶಿರಸಿಯ ಹುಡುಗ ಆ ರಾತ್ರಿ ಸಮಾನತೆಯ ಹಕ್ಕಿನ ಬಗ್ಗೆ ಮಾಡುವ ಭಾಷಣ ಕೇಳಬೇಕು ನೀವು. ಘಟ್ಟದ ಮೇಲೆ ಬೀಳುವುದು ಮಳೆಯಲ್ಲವಾ? ನಾವೇನು ಎರಡನೇ ದರ್ಜೆ ಪ್ರಜೆಗಳಾ? ಮಾರನೇ ದಿನ ಘಟ್ಟದ ಮೇಲೆ ರಜೆ, ಕೆಳಗೆ ಶಾಲೆ. ಈಗ ಕುಮಟೆಯ ಹುಡುಗ ಸಂವಿಧಾನ ತೆಗೆಯುತ್ತಾನೆ. ಮೂರನೇ ದಿನ ನಕಲಿ ಆದೇಶವೂ ಬರುತ್ತದೆ. ಸಹಿ, ತಾರೀಕು, ಮೊಹರು ನೋಡಿ ಅಸಲಿಯೋ ನಕಲಿಯೋ ಹೇಳುವುದರಲ್ಲಿ ಏಳನೇ ತರಗತಿಯವರು ಪಂಡಿತರು. ಇತಿಹಾಸದ ಆಧಾರಗಳನ್ನು ಪರೀಕ್ಷಿಸುವುದು ಅಂದರೆ ಇದೇ ಅಲ್ವಾ? ಇದಕ್ಕೆ ಅಂಕ ಇಲ್ಲ.

ಅಂಕ ಇರುವುದು ನಕ್ಷೆಗೆ. ಪಾಸಾಗುವಷ್ಟು ಮಾತ್ರ ಕಲಿಸುವ ಪಾಸಿಂಗ್ ಪ್ಯಾಕೇಜಿನಲ್ಲಿ ಅದಕ್ಕೆ ಅಗ್ರಸ್ಥಾನ. ಭಾರತದ ನಕ್ಷೆ ಬಿಡಿಸಿ, ಕೈಗಾ ಅಣುಸ್ಥಾವರ ಗುರುತಿಸಿ. ಕದ್ರಾದ ಹುಡುಗಿಯೊಬ್ಬಳು ಬಿಡಿಸಿದ್ದನ್ನು ನೋಡಿದೆ. ಗುಜರಾತ್ ಸ್ವಲ್ಪ ಊದಿಕೊಂಡಿತ್ತು, ಕೇರಳ ಸೊಟ್ಟ. ಆದರೆ ಕೈಗಾದ ಚುಕ್ಕಿ ಸರಿಯಾದ ಜಾಗಕ್ಕೆ ಬಿದ್ದಿತ್ತು. ಬೀಳದೆ ಏನು, ಅವಳ ಮನೆಯ ಮುಂದೆಯೇ ಕೈಗಾ ಬಸ್ಸು ಹೋಗುತ್ತದೆ. ಮುಂದಿನ ಪ್ರಶ್ನೆ: ವಿವಿಧೋದ್ದೇಶ ನದಿ ಕಣಿವೆ ಯೋಜನೆಗಳ ಉದ್ದೇಶಗಳಾವುವು? ನೀರಾವರಿ, ವಿದ್ಯುತ್, ಪ್ರವಾಹ ನಿಯಂತ್ರಣ, ಮೀನುಗಾರಿಕೆ. ಗಡಗಡ ಹೇಳಿದಳು. ಕೀ ಆನ್ಸರಿನಲ್ಲೂ ಅದೇ ಇದೆ. ಪೂರ್ತಿ ಅಂಕ.

ಆ ಹುಡುಗಿಯ ಅಜ್ಜನ ಗದ್ದೆ ಕಾಳಿ ನದಿಯ ಅಣೆಕಟ್ಟಿನ ನೀರಿನಡಿ ಇದೆ. ಅದು ಅವಳಿಗೆ ಗೊತ್ತು. ಮಳೆಗಾಲದಲ್ಲಿ ಗೇಟು ತೆರೆದರೆ ಯಾವ ಮನೆಗೆ ಮೊದಲು ನೀರು ನುಗ್ಗುತ್ತದೆ ಅಂತಲೂ ಗೊತ್ತು. ಅಣೆಕಟ್ಟಿಗೆ ಸೂಪಾ ಊರು ಮುಳುಗಿತು, ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟವರು ಪರಿಹಾರಕ್ಕೆ ಕೋರ್ಟು ಅಲೆದರು, 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಈ ಜಿಲ್ಲೆಯಲ್ಲಿ ಸಮಾಜ ವಿಜ್ಞಾನ ಪ್ರತಿ ಮನೆಯ ಜಗುಲಿಯಲ್ಲಿ ಕೂತಿದೆ. ಅದನ್ನು ಬರೆದರೆ ‘ಉತ್ತರ ಪಠ್ಯದಲ್ಲಿಲ್ಲ’ ಅಂತ ಕೆಂಪು ಗೆರೆ. ಯಾವ ಮಹಾಪುರುಷರು ಎಷ್ಟು ಪುಟ ಅಂತ ನೀವು ಸ್ಕೇಲು ಹಿಡಿದು ಜಗಳ ಆಡಿದ್ದು ಸಾಕು. ಈ ಮಗುವಿಗೆ ಏನು ಗೊತ್ತು ಅಂತ ಒಮ್ಮೆಯಾದರೂ ಯಾರಾದರೂ ಕೇಳಿದಿರಾ? ಕೇಳಿಲ್ಲ. ಕೇಳುವ ಉದ್ದೇಶವೂ ಇಲ್ಲ.

ಹೋಗಲಿ, ಲೆಕ್ಕಾಚಾರಕ್ಕೆ ಬರೋಣ. ಮುಂದಿನ ವಿಧಾನಸಭೆ ಚುನಾವಣೆ 2028ಕ್ಕೆ. ಆ ವರ್ಷ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲೇ ಪಾಸಾಗುವವರು ಬಚಾವು. ಫೇಲಾದವರು ಎರಡನೇ ಪರೀಕ್ಷೆಗೆ ಕೂರುವ ಮೊದಲು ಮತ ಎಣಿಕೆ ನೋಡಿಕೊಂಡು ಓದುವುದು ಒಳ್ಳೆಯದು.