ಹನ್ನೆರಡು ಗಿರಾಕಿಗಳಿಗೆ ಎಂಥ ಸರಾಸರಿ?

ಹೊರದೇಶದ ಕಚೇರಿಗಳಲ್ಲಿ ಕೆಲಸ ಒಪ್ಪಿಸಿದ ಕೂಡಲೇ ಗಿರಾಕಿಗೆ ಫಾರ್ಮ್ ಹೋಗುತ್ತದೆ: 0ಯಿಂದ 10ರೊಳಗೆ ಅಂಕ ಕೊಡಿ. ನಮ್ಮವರು ಫೋನ್ ಮಾಡಿ "ಎಲ್ಲಾ ಸರಿ ಹೋಯ್ತಾ ಸರ್?" ಅನ್ನುತ್ತಾರೆ. "ಏನೂ ತೊಂದರೆ ಇಲ್ಲ ಬಿಡಿ" ಎಂಬ ಉತ್ತರ ಬರುತ್ತದೆ, ಮುಂದಿನ ಕೆಲಸ ಸದ್ದಿಲ್ಲದೆ ಬೇರೆಯವರಿಗೆ ಹೋಗುತ್ತದೆ. ವಿನ್ಯಾಸ, ಕಾನೂನು ಸಲಹೆ, ಸಾಫ್ಟ್‌ವೇರ್‌ನಂತೆ ಗಿರಾಕಿಗೆ ತಕ್ಕಂತೆ ಕೆಲಸವೇ ಬದಲಾಗುವ ಕಡೆ ಗಿರಾಕಿಯ ತೃಪ್ತಿ ಅಳೆಯುವ ಈ ಎರಡೂ ದಾರಿಗಳನ್ನು ನಾನು ನಂಬುವುದಿಲ್ಲ.

ಆ ಫಾರ್ಮಿನ ಹಿಂದಿರುವ ಲೆಕ್ಕ, 2003ರಲ್ಲಿ ಅಮೆರಿಕದ ವ್ಯವಹಾರ ಸಲಹೆಗಾರ ಫ್ರೆಡ್ ರೈಕ್‌ಹೆಲ್ಡ್ ಮುಂದಿಟ್ಟ ನೆಟ್ ಪ್ರಮೋಟರ್ ಸ್ಕೋರ್. ನಮ್ಮನ್ನು ಬೇರೆಯವರಿಗೆ ಎಷ್ಟರ ಮಟ್ಟಿಗೆ ಶಿಫಾರಸು ಮಾಡುತ್ತೀರಿ ಎಂದು ಕೇಳಿ, 9 ಅಥವಾ 10 ಕೊಟ್ಟವರ ಶೇಕಡಾ ಪ್ರಮಾಣದಿಂದ 6 ಮತ್ತು ಅದಕ್ಕಿಂತ ಕಡಿಮೆ ಕೊಟ್ಟವರ ಪ್ರಮಾಣ ಕಳೆಯುತ್ತಾರೆ. ಸಾವಿರಾರು ಗ್ರಾಹಕರಿದ್ದರೆ ಸರಿಯೇ. 12 ಗಿರಾಕಿಗಳಲ್ಲಿ 6 ಮಂದಿ ಮೇಲಿನ ಗುಂಪಿನಲ್ಲಿ, 2 ಮಂದಿ ಕೆಳಗಿನದರಲ್ಲಿ ಇದ್ದರೆ ಸ್ಕೋರ್ 33. ಒಬ್ಬರು 9ರಿಂದ 6ಕ್ಕೆ ಇಳಿದರೆ ಅದೇ 17! ಇದನ್ನು ಗ್ರಾಫ್ ಮಾಡಿ ಮೀಟಿಂಗ್‌ನಲ್ಲಿ ತೋರಿಸುವವರೂ ಇದ್ದಾರೆ.

ಮಾರ್ಕೆಟಿಂಗ್ ಸಂಶೋಧಕರಾದ ಪರಶುರಾಮನ್, ಜೈಥಾಮಲ್, ಬೆರ್ರಿ ಮೂವರ 1988ರ ಸರ್ವ್‌ಕ್ವಾಲ್ ಎಂಬ ಸೇವಾ ಗುಣಮಟ್ಟದ ಪ್ರಶ್ನಾವಳಿ ನಿರೀಕ್ಷೆಗೂ ಅನುಭವಕ್ಕೂ ಇರುವ ಅಂತರ ಅಳೆಯುತ್ತದೆ. ಅದರ 22 ಸಿದ್ಧ ಹೇಳಿಕೆಗಳು ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ, ಆದರೆ ಅಂತರದ ಆಲೋಚನೆ ಬೇಕು. ಕೆಲಸ ಶುರುವಾಗುವ ಮೊದಲೇ ನಾಲ್ಕೈದು ನಿರೀಕ್ಷೆಗಳನ್ನು ಗಿರಾಕಿಯ ಮಾತಿನಲ್ಲೇ ಬರೆದುಕೊಳ್ಳಿ. 100 ಅಂಕಗಳನ್ನು ಅವುಗಳಿಗೆ ಅವರೇ ಹಂಚಲಿ. ಒಬ್ಬರಿಗೆ ಗಡುವೇ 50, ಇನ್ನೊಬ್ಬರಿಗೆ ಗಡುವು 10, ಕರೆದಾಗ ಸಿಗುವುದೇ 40. ಮುಗಿದ ಮೇಲೆ ಕೇಳಿದರೆ ಫಲಿತಾಂಶಕ್ಕೆ ತಕ್ಕಂತೆ ನಿರೀಕ್ಷೆಯ ನೆನಪೂ ಬದಲಾಗಿರುತ್ತದೆ.

ಪ್ರತಿ ಹಂತದ ಕೊನೆಗೆ ಒಂದೊಂದು ನಿರೀಕ್ಷೆಗೂ 1ರಿಂದ 5ರೊಳಗೆ ಅಂಕ ಕೇಳಿ. ಕೇಳುವವರು ಆ ಕೆಲಸ ಮಾಡಿದವರಾಗಬಾರದು. ಮುಖ ನೋಡಿಕೊಂಡು ಯಾರೂ 2 ಹೇಳುವುದಿಲ್ಲ. ಬಿಲ್ ಕಳಿಸುವ ವಾರದಲ್ಲೂ ಬೇಡ, ದರದ ಚೌಕಾಸಿ ಅಂಕದೊಳಗೆ ನುಸುಳುತ್ತದೆ.

ಪಕ್ಕದಲ್ಲಿ ನಿಮ್ಮದೇ ದಾಖಲೆ ಇರಲಿ: ತಪ್ಪಿದ ಗಡುವುಗಳು, ಉತ್ತರಕ್ಕೆ ಹಿಡಿದ ಗಂಟೆಗಳು, ಒಟ್ಟು ಗಂಟೆಗಳಲ್ಲಿ ಮರುಕೆಲಸದ ಪಾಲು. 200 ಗಂಟೆಯಲ್ಲಿ 30 ಗಂಟೆ ಮರುಕೆಲಸ ಅಂದರೆ ಶೇ. 15. ಗಿರಾಕಿ ಮನಸ್ಸು ಬದಲಿಸಿದ್ದಕ್ಕೆ ಹೋದ ಗಂಟೆಗಳನ್ನು ಬೇರೆ ಕಾಲಮ್ಮಿಗೆ ಹಾಕಿ, ಇಲ್ಲದಿದ್ದರೆ ಅದೂ ನಿಮ್ಮ ತಪ್ಪಿನ ಲೆಕ್ಕಕ್ಕೆ ಸೇರುತ್ತದೆ.

ಹಣ ಕೊಡುವವರನ್ನೂ ದಿನಾ ಬಳಸುವವರನ್ನೂ ಬೇರೆ ಬೇರೆ ಕೇಳಿ. ಮೊದಲಿನವರು 5, ಎರಡನೆಯವರು 1 ಕೊಟ್ಟರೆ ಸರಾಸರಿ 3 ಎಂದು ಬರೆದು ಫೈಲ್ ಮುಚ್ಚಬೇಡಿ. 1 ಕೊಟ್ಟವರಿಗೆ ಅದೇ ವಾರ ಫೋನ್ ಮಾಡಿ.